ಹಳೇ ಗೇಮ್, ಯಾರೂ ಹೇಳದ ಗೇಮ್: ಪದೇ ಪದೇ ಕೇಳೋ ಪ್ರಶ್ನೆಗಳು

ಹಳೇ ವಿಡಿಯೋ ಗೇಮ್ ಹುಚ್ಚಿರೋರು ಇಬ್ರು ಸಿಕ್ರೆ ಸಾಕು, ಎರಡನೇ ನಿಮಿಷಕ್ಕೆ "ಯಾವ್ದಾದ್ರೂ ಒಳ್ಳೇದು ಹೇಳಿ" ಅನ್ನೋ ಮಾತು ಬಂದೇ ಬರುತ್ತೆ. ಅದೇ ಪ್ರಶ್ನೆಗಳಿಗೆ ಅದೇ ಉತ್ರ ಕೊಟ್ಟೂ ಕೊಟ್ಟೂ ಬಾಯಿ ನೋವು ಬಂತು, ಅದಕ್ಕೆ ಕೇಳಿದೋರ ಮಾತಲ್ಲೇ ಪ್ರಶ್ನೆ ಹಾಕಿ ಒಂದ್ಕಡೆ ಬರೆದಿಟ್ಟಿದೀನಿ. ಸುಲಭದ್ದು ಮೇಲೆ, ತಲೆಬಿಸಿದು ಕೆಳಗೆ. ಮಾರಿಯೋ, ಸೋನಿಕ್, ಜೆಲ್ಡಾ ಬಗ್ಗೆ ಹೇಳೋಕೆ ಲೋಕದ ತುಂಬಾ ಜನ ಇದಾರೆ, ಇಲ್ಲಿ ಅವು ಪಕ್ಕದ ಮನೆಯವ್ರ ಥರ ಬಂದು ಹೋಗ್ತವೆ ಅಷ್ಟೆ.

## ಈಗಷ್ಟೇ ಕಾಲಿಡ್ತಿರೋರಿಗೆ

ಅಣ್ಣಾ, ಹಳೇ ಗೇಮ್ ಒಂದೂ ಆಡಿಲ್ಲ, ಯಾವ್ದರಿಂದ ಶುರು ಮಾಡ್ಲಿ?

ಗೇಮ್ ಬಾಯ್ ಅನ್ನೋ ಕೈಲಿ ಹಿಡಿಯೋ ಮಷೀನ್‌ಗೆ ಬಂದ ಡಾಂಕಿ ಕಾಂಗ್, 1994ರದ್ದು. ಹೆಸರು ಕೇಳಿ ಮೂಗು ಮುರೀಬೇಡಿ, "ಅದೇ ಪೀಪಾಯಿ ಉರುಳ್ಸೋ ಕೋತಿ ಆಟ ತಾನೆ" ಅಂತ ಎಲ್ರೂ ದಾಟ್ಕೊಂಡು ಹೋಗಿದ್ರಿಂದ್ಲೇ ಇದು ಮೂಲೆ ಸೇರಿದ್ದು. ಶುರುನಲ್ಲಿ 1981ರ ಆರ್ಕೇಡ್ ಆಟದ್ದೇ ನಾಲ್ಕು ಲೆವೆಲ್ ಬರುತ್ತೆ, ನಾಲ್ಕನೇದು ಮುಗಿದಾಗ ಕೋತಿ ದಬಕ್ ಅಂತ ಬೀಳುತ್ತೆ, ಹುಡುಗಿ ಸಿಕ್ಕಳು ಆಟ ಮುಗೀತು ಅನ್ಕೋತೀರ, ಅಷ್ಟ್ರಲ್ಲಿ ಅದು ಎದ್ದು ಅವಳನ್ನ ಹೊತ್ಕೊಂಡು ಮತ್ತೆ ಪರಾರಿ. ಅಲ್ಲಿಂದ ಇನ್ನೂ 97 ಲೆವೆಲ್ ಇದೆ ಮಾರಾಯ್ರೆ.

ಹೆಚ್ಚಿನ ಲೆವೆಲಲ್ಲಿ ಒಂದು ಬೀಗದ ಕೈ ಇರುತ್ತೆ, ಅದನ್ನ ತಲೆ ಮೇಲೆ ಎತ್ಕೊಂಡು ಬಾಗಿಲ ತನಕ ತರ್ಬೇಕು. ಮಧ್ಯೆ ಎಲ್ಲಾದ್ರೂ ಕೆಳಗಿಟ್ರೆ ಕೆಲವೇ ಸೆಕೆಂಡಲ್ಲಿ ಅದು ವಾಪಸ್ ಮೊದ್ಲಿದ್ದ ಜಾಗಕ್ಕೇ ಹೋಗ್ಬಿಡುತ್ತೆ, ಅದಕ್ಕೆ "ಈಗ ಇಟ್ಟು, ಆ ಏಣಿ ಹತ್ತಿ, ಸ್ವಿಚ್ ತಳ್ಳಿ, ಮತ್ತೆ ಇಳಿದು ಎತ್ಕೊಳ್ಳೋಷ್ಟು ಟೈಮ್ ಇದೆಯಾ" ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಾ ಇರ್ತೀರ. ಮಾರಿಯೋ ಕೈ ಮೇಲೆ ನಿಂತ್ಕೋತಾನೆ, ಹಿಂದಕ್ಕೆ ಲಾಗ ಹಾಕ್ತಾನೆ, ಇದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳ್ಕೊಡಲ್ಲ, ಮಧ್ಯೆ ಮಧ್ಯೆ ಬರೋ ಚಿಕ್ಕ ಸೀನ್‌ಗಳಲ್ಲಿ ತೋರಿಸ್ತಾರೆ, ನೋಡ್ಕೊಂಡು ಕಲೀಬೇಕು. ಒಂದೊಂದು ಲೆವೆಲ್ ಎರಡ್ಮೂರು ನಿಮಿಷ, ಸೇವ್ ಕೂಡ ಆಗುತ್ತೆ. ಹಳೇ ಗೇಮ್ ಅಂದ್ರೆ ಹಿಂಸೆ ಅನ್ನೋ ಭಯ ಇದ್ರೆ ಇದೊಂದ್ರಲ್ಲೇ ಹೋಗುತ್ತೆ.

"ಹಳೇದು" ಅಂದ್ರೆ ಎಷ್ಟು ಹಳೇದು? ನೀವು 2010ರ ಗೇಮನ್ನೂ ಸೇರಿಸ್ತೀರಲ್ಲ?

ಸೇರಿಸ್ತೀನಿ. ನನ್ನ ಲೆಕ್ಕ ಸಿಂಪಲ್, ಅದು ಬಂದ ಮಷೀನ್ ಈಗ ಹೊಸದಾಗಿ ತಯಾರಾಗ್ತಿಲ್ಲ ಅಂದ್ರೆ ಹಳೇದು. ಹೆಸರು ಹೇಳ್ದಾಗ ಹತ್ತು ಜನ ಗೇಮರ್‌ಗಳಲ್ಲಿ ಒಂಬತ್ತು ಜನ "ಹಾಂ?" ಅಂದ್ರೆ ಕಮ್ಮಿ ಗೊತ್ತಿರೋದು. ಇದಕ್ಕಿಂತ ಶಾಸ್ತ್ರ ಬೇಡ.

ಗ್ರಾಫಿಕ್ಸ್ ನೋಡಿದ್ರೇನೆ ಆಡೋ ಮನ್ಸು ಹೋಗುತ್ತೆ, ನಂದೇ ತಪ್ಪಾ?

ತಪ್ಪೇನಿಲ್ಲ, ಆದ್ರೆ ಹಳೇದೆಲ್ಲ ಒಂದೇ ಥರ ಕೆಟ್ಟದಾಗಿ ಕಾಣಲ್ಲ. ಕೈಯಲ್ಲಿ ಬಿಡಿಸಿದ ಪಿಕ್ಸೆಲ್ ಚಿತ್ರ ಇವತ್ತಿಗೂ ಮುದ್ದಾಗೇ ಇರುತ್ತೆ, ಮುಪ್ಪಾಗಿರೋದು 1996ರ ಆಸುಪಾಸಿನ ಮೊದಮೊದಲ 3ಡಿ ಗೇಮ್‌ಗಳು, ಮುಖ ಎಲ್ಲಾ ರಟ್ಟಿನ ಡಬ್ಬ ಮಡಚಿದ ಹಾಗೆ. ಅದರಲ್ಲೂ ಬುದ್ಧಿವಂತರು ಇದ್ರು: 1997ರ ಕ್ಲೋನೋವಾ, ಪ್ಲೇಸ್ಟೇಷನ್‌ಗೆ ನಾಮ್ಕೋ ಮಾಡಿದ್ದು, ಜಗತ್ತು 3ಡಿ, ಆದ್ರೆ ಪಾತ್ರಗಳು ಪಿಕ್ಸೆಲ್ ಚಿತ್ರ, ಓಡೋದು ಒಂದೇ ದಾರೀಲಿ, ಆ ದಾರಿ ಮಾತ್ರ ಬೆಟ್ಟ ಸುತ್ತಿ ತಿರುಗಿ ಹೋಗುತ್ತೆ. 2022ರಲ್ಲಿ ಇದರ ಹೊಸ ರೂಪಾನೂ ಬಂತು. 1991ರ ಅನದರ್ ವರ್ಲ್ಡ್ ನೋಡಿ, ಎರಿಕ್ ಶಾಹಿ ಅನ್ನೋರು ಹೆಚ್ಚುಕಮ್ಮಿ ಒಬ್ಬರೇ ಕೂತು ಬರೀ ಚಪ್ಪಟೆ ಬಣ್ಣದ ತುಂಡುಗಳಲ್ಲಿ ಮಾಡಿದ್ದು, ಇವತ್ತು ಬಂದಿದ್ರೂ "ಎಂಥಾ ಸ್ಟೈಲ್" ಅಂತಿದ್ರು.

ಇನ್ನೊಂದು ವಿಷ್ಯ, ಅವತ್ತಿನ ಚಿತ್ರ ಬಿಡಿಸಿದ್ದು ಡಬ್ಬಾ ಟಿವಿಗೆ. ಸೋನಿಕ್‌ನ ಜಲಪಾತ ಈಗಿನ ಸ್ಕ್ರೀನಲ್ಲಿ ಬರೀ ಗೆರೆಗೆರೆ ಕಾಣುತ್ತಲ್ಲ, ಹಳೇ ಕೇಬಲಲ್ಲಿ ಆ ಗೆರೆಗಳು ಒಂದಕ್ಕೊಂದು ಕಲೆತು ನೀರು ಪಾರದರ್ಶಕ ಅನ್ಸೋದು. ಎಮ್ಯುಲೇಟರ್ ಅಂದ್ರೆ ಹಳೇ ಮಷೀನಿನ ಗೇಮನ್ನ ಕಂಪ್ಯೂಟರಲ್ಲೋ ಫೋನಲ್ಲೋ ಓಡಿಸೋ ಪ್ರೋಗ್ರಾಮ್, ಅದರಲ್ಲಿ ಡಬ್ಬಾ ಟಿವಿ ಥರ ಕಾಣೋ ಫಿಲ್ಟರ್ ಇರುತ್ತೆ, ಒಂದ್ಸಲ ಹಾಕಿ ನೋಡಿ ಆಮೇಲೆ ಬೈರಿ.

ದುಡ್ಡು ಕೊಡ್ದೆ, ಕದೀದೆ ಆಡೋಕೆ ಏನಾದ್ರೂ ಸಿಗುತ್ತಾ?

ಸಿಗುತ್ತೆ, ಅದೂ ಕಳಪೆ ಮಾಲಲ್ಲ. ಬಿನೀತ್ ಎ ಸ್ಟೀಲ್ ಸ್ಕೈ, 1994ರ ಪಾಯಿಂಟ್ ಅಂಡ್ ಕ್ಲಿಕ್ ಗೇಮು, ಅಂದ್ರೆ ಮೌಸಲ್ಲಿ ಒತ್ತಿ ಒತ್ತಿ ಕತೆ ನಡೆಸೋದು, ಮಾಡಿದೋರೇ 2003ರಲ್ಲಿ ಫ್ರೀ ಮಾಡಿದ್ರು, ಸ್ಕಮ್‌ವಿಎಂ ಅನ್ನೋ ಪ್ರೋಗ್ರಾಮ್ ಹಾಕ್ಕೊಂಡ್ರೆ ಫೋನಲ್ಲೂ ಓಡುತ್ತೆ. ವಿಮಾನದಲ್ಲಿ ಗುಂಡು ಹಾರಿಸೋದು ಬೇಕಿದ್ರೆ ಟೈರಿಯನ್, 1995ರದ್ದು, 2004ರಿಂದ ಫ್ರೀ. ಕೇವ್ ಸ್ಟೋರಿ, 2004, ದೈಸುಕೆ ಅಮಾಯಾ ಒಬ್ಬರೇ ಐದು ವರ್ಷ ಬಿಡುವಿನ ಟೈಮಲ್ಲಿ ಮಾಡಿ ಸುಮ್ನೆ ಕೊಟ್ಬಿಟ್ರು, ದುಡ್ಡಿನ ಆವೃತ್ತಿ ಆಮೇಲೆ ಬಂದ್ರೂ ಮೊದಲಿಂದು ಇವತ್ತಿಗೂ ಫ್ರೀ. ಸ್ಟಾರ್ ಕಂಟ್ರೋಲ್ 2 ಕೂಡ ದಿ ಅರ್-ಕ್ವಾನ್ ಮಾಸ್ಟರ್ಸ್ ಅನ್ನೋ ಹೆಸರಲ್ಲಿ ಫ್ರೀ, ಅದಕ್ಕೆ ಕೊನೇಲಿ ಬರ್ತೀನಿ.

"ಹಳೇದು ತಾನೆ, ಯಾರು ಕೇಳ್ತಾರೆ" ಅನ್ನೋದು ಬೇರೆ, ಮಾಡಿದೋರು ಕೊಟ್ಟಿದ್ದು ಬೇರೆ. ಇಲ್ಲಿ ಬರೆದಿರೋದು ಎರಡನೇದು.

ದಿನಕ್ಕೆ ಅರ್ಧ ಗಂಟೆ ಸಿಕ್ರೆ ಹೆಚ್ಚು, ನನ್ನಂಥವ್ರಿಗೆ?

ಹಾಫ್-ಮಿನಿಟ್ ಹೀರೋ, 2009, ಪಿಎಸ್‌ಪಿ. 30 ಸೆಕೆಂಡಲ್ಲಿ ಪ್ರಪಂಚ ಮುಳುಗುತ್ತೆ, ಅಷ್ಟರೊಳಗೆ ಲೆವೆಲ್ ಏರಿಸ್ಕೊಂಡು ಕತ್ತಿ ತಗೊಂಡು ರಾಕ್ಷಸನ್ನ ಹೊಡೀಬೇಕು. ಟೈಮ್ ಸಾಲ್ದೇ ಹೋದ್ರೆ ಕಾಲದೇವತೆಗೆ ಕಾಸು ಕೊಟ್ಟು ಗಡಿಯಾರ ವಾಪಸ್ ತಿರುಗಿಸ್ಕೊಳ್ಬಹುದು, ಆ ಯಮ್ಮ ಪ್ರತಿ ಸಲ ರೇಟ್ ಏರಿಸ್ತಾಳೆ. ಪಿಸಿಗೂ ಇದೆ. ಡೆವಿಲ್ ಡೈಸ್ ಅಂತ ಇನ್ನೊಂದು, 1998, ಪ್ಲೇಸ್ಟೇಷನ್: ದಾಳದ ಮೇಲೆ ನಿಂತು ಕಾಲಲ್ಲೇ ಅದನ್ನ ಉರುಳಿಸ್ತೀರ, ಮೂರು ತೋರಿಸೋ ದಾಳ ಮೂರು ಪಕ್ಕಪಕ್ಕ ಬಂದ್ರೆ ಮಾಯ, ಐದಾದ್ರೆ ಐದು ಬೇಕು. ಓದಿದ್ರೆ ಗೊಂದಲ, ಕೈಗೆ ಬಂದ್ರೆ ಹತ್ತು ನಿಮಿಷದಲ್ಲಿ ಅರ್ಥ ಆಗುತ್ತೆ, ಆಮೇಲೆ ಕಣ್ಮುಚ್ಚಿದ್ರೂ ದಾಳ ಉರುಳ್ತಿರುತ್ತೆ. ದೊಡ್ಡ ಆರ್‌ಪಿಜಿ (ಪಾತ್ರ ಬೆಳೆಸ್ತಾ ಉದ್ದ ಕತೆ ಆಡೋ ಗೇಮು) ಮಾತ್ರ ಅರ್ಧರ್ಧ ಗಂಟೆ ಆಡ್ಬೇಡಿ, ಪ್ರತಿ ದಿನ "ನಾನೆಲ್ಲಿಗೆ ಹೊರಟಿದ್ದೆ" ಅಂತ ಹುಡುಕೋದ್ರಲ್ಲೇ ಹೋಗುತ್ತೆ.

## ಒಂಚೂರು ಕೈ ಪಳಗಿದ ಮೇಲೆ

ನಾನು ಹೇಳಿದ ಗೇಮ್ ಯಾವ್ದೂ ಫ್ರೆಂಡ್ಸ್‌ಗೆ ಹಿಡಿಸಲ್ಲ, ನಾನು ಎಲ್ಲಿ ಎಡವ್ತಿದೀನಿ?

ಇದು ನಂಗೆ ಬರೋ ಅತಿ ಒಳ್ಳೆ ಪ್ರಶ್ನೆ, ಯಾಕಂದ್ರೆ ನಾನೂ ಇಲ್ಲೇ ಮುಗ್ಗರಿಸಿದ್ದು. ಒಬ್ಬ ಗೆಳೆಯಂಗೆ ವೇಗ್ರಂಟ್ ಸ್ಟೋರಿ ಕೊಟ್ಟೆ, ಸ್ಕ್ವೇರ್ ಕಂಪನಿದು, 2000ದ್ದು, ಪ್ಲೇಸ್ಟೇಷನ್‌ನಲ್ಲಿ ಅಷ್ಟು ಸಿನಿಮಾ ಥರ ಕತೆ ಹೇಳಿದ ಗೇಮ್ ಇನ್ನೊಂದಿಲ್ಲ ಅಂತೆಲ್ಲಾ ಅರ್ಧ ಗಂಟೆ ಭಾಷಣ ಬಿಗಿದೆ. ಎರಡು ದಿನ ಆದ್ಮೇಲೆ ಅವ್ನು ಕೇಳಿದ್ದು ಒಂದೇ ಮಾತು, "ಹೊಡೆದ್ರೆ ಸೊನ್ನೆ ಅಂತ ಬರ್ತಿದೆ, ಒಂದು ಅಂತ ಬರ್ತಿದೆ, ಇದು ಸಾಯೋದು ಯಾವಾಗ?" ಆ ಗೇಮಲ್ಲಿ ಮನುಷ್ಯಂಗೆ ಒಂದು ಆಯುಧ, ಮೃಗಕ್ಕೆ ಒಂದು, ದೆವ್ವಕ್ಕೆ ಇನ್ನೊಂದು ಅಂತ ಬೇರೆಬೇರೆ ಪಳಗಿಸ್ಕೋಬೇಕು, ಒಂದೇ ಕತ್ತೀಲಿ ಎಲ್ಲರನ್ನೂ ಹೊಡೆದ್ರೆ ಯಾವ್ದಕ್ಕೂ ಆಗಲ್ಲ. ಜೊತೆಗೆ ಬಿಡದೆ ಏಟಿನ ಮೇಲೆ ಏಟು, ಅಂದ್ರೆ ಕಾಂಬೋ, ಹೊಡೆದಷ್ಟೂ ರಿಸ್ಕ್ ಅಂತ ಒಂದು ಮೀಟರ್ ಏರಿ ಗುರಿ ತಪ್ಪೋಕೆ ಶುರುವಾಗುತ್ತೆ. ನಂಗೆ ಇದೆಲ್ಲಾ ರಕ್ತಕ್ಕೆ ಇಳಿದಿತ್ತು, ಅದಕ್ಕೆ ಹೇಳೋದೇ ಮರ್ತಿದ್ದೆ. ಕತೆ ಹೊಗಳಿದೆ, ಕತ್ತಿ ವಿಷ್ಯ ಬಿಟ್ಟೆ. ಅವ್ನು ವಾಪಸ್ ಆ ಕಡೆ ತಲೆ ಹಾಕ್ಲಿಲ್ಲ.

ಅವತ್ತಿಂದ ಗೇಮ್ ಹೇಳೋಕೆ ಮುಂಚೆ ನಾನೇ ಕೇಳ್ತೀನಿ: ಇತ್ತೀಚೆಗೆ ಯಾವ ಗೇಮ್ ಅರ್ಧಕ್ಕೆ ಬಿಟ್ರಿ, ಯಾಕೆ ಬಿಟ್ರಿ? ಇಷ್ಟ ಆಗಿದ್ದು ಯಾವ್ದು ಅಂತ ಕೇಳಿದ್ರೆ ಎಲ್ರೂ ದೊಡ್ಡ ಹೆಸರೇ ಹೇಳೋದು, ಬಿಟ್ಟಿದ್ದು ಹೇಳೋವಾಗ ನಿಜ ಹೊರಗೆ ಬರುತ್ತೆ. "ಎಲ್ಲಿಗೆ ಹೋಗ್ಬೇಕೋ ಗೊತ್ತಾಗ್ಲಿಲ್ಲ" ಅಂದೋರಿಗೆ ದಾರಿ ತಾವೇ ಹುಡುಕ್ಬೇಕಾದ ಮೆಟ್ರಾಯ್ಡ್ ಜಾತಿದು ಕೊಡ್ಬೇಡಿ, "ಬರೀ ಮಾತು" ಅಂದೋರಿಗೆ ಕಾದಂಬರಿ ಥರ ಓದ್ತಾ ಹೋಗೋ ವಿಷುವಲ್ ನಾವೆಲ್ ಕೊಡ್ಬೇಡಿ. ಆಮೇಲೆ ಒಂದೇ ಒಂದು ಹೆಸರು ಹೇಳಿ. ಇಪ್ಪತ್ತು ಗೇಮಿನ ಪಟ್ಟಿ ಕೊಟ್ರೆ ಅದು ಫೋನಲ್ಲೇ ಕೊಳೆಯುತ್ತೆ. ಆ ಹೆಸರಿನ ಜೊತೆ ಯಾವ ವರ್ಷನ್, ಮೊದಲ ಅರ್ಧ ಗಂಟೇಲಿ ಎಲ್ಲಿ ಸಿಕ್ಕಾಕ್ಕೊಳ್ತಾರೆ, ಎಲ್ಲೀವರೆಗೆ ಆಡಿ ಹಿಡಿಸ್ಲಿಲ್ಲ ಅಂದ್ರೆ ಬಿಡ್ಬಹುದು, ಇದೂ ಹೋಗ್ಬೇಕು. ಗೇಮಿನ ದೋಷಾನ ನೀವೇ ಮೊದ್ಲು ಹೇಳ್ಬಿಟ್ರೆ ಅವ್ರು ಅದನ್ನ ಕ್ಷಮಿಸ್ತಾರೆ, ತಾವೇ ಕಂಡುಹಿಡಿದ್ರೆ ಕ್ಷಮಿಸಲ್ಲ.

ಒಳ್ಳೆ ಕತೆ ಇರೋದು ಹೇಳಿ ಸರ್, ಆದ್ರೆ ಎಲ್ರೂ ಹೇಳೋ ಫೈನಲ್ ಫ್ಯಾಂಟಸಿ ಬೇಡ

ದಿ ಲಾಸ್ಟ್ ಎಕ್ಸ್‌ಪ್ರೆಸ್, 1997, ಪ್ರಿನ್ಸ್ ಆಫ್ ಪರ್ಷಿಯಾ ಮಾಡಿದ ಜೋರ್ಡನ್ ಮೆಕ್ನರ್ ಅವ್ರದ್ದು. 1914ರ ಜುಲೈ, ಮಹಾಯುದ್ಧ ಶುರುವಾಗೋಕೆ ಕೆಲವೇ ದಿನ, ಪ್ಯಾರಿಸ್‌ನಿಂದ ಹೊರಟ ರೈಲು. ಇದರ ವಿಶೇಷ ಏನಂದ್ರೆ ಗಡಿಯಾರ ನಿಮಗೋಸ್ಕರ ನಿಲ್ಲಲ್ಲ, ನೀವು ಕಾರಿಡಾರಲ್ಲಿ ಸುಮ್ನೆ ನಿಂತಿದ್ರೂ ಊಟದ ಬೋಗೀಲಿ ಇಬ್ರು ಮಾತಾಡ್ತಿರ್ತಾರೆ, ನೀವು ಕೇಳಿಸ್ಕೊಂಡ್ರೆ ಕೇಳಿಸ್ಕೊಂಡ್ರಿ, ಇಲ್ಲಾಂದ್ರೆ ಆ ಮಾತು ಹೋಯ್ತು. ಒಂದು ಕಡೆ ಪಿಟೀಲು ಕಚೇರಿ ನಡೆಯುತ್ತೆ, ಪ್ರಯಾಣಿಕರೆಲ್ಲಾ ಬಂದು ಕೂತಿರ್ತಾರೆ, ಸಂಗೀತ ನಿಜಕ್ಕೂ ಚೆನ್ನಾಗಿದೆ, ನಾನು ಮೊದಲ ಸಲ ಪೂರ್ತಿ ಕೂತು ಕೇಳಿ ಖುಷಿಪಟ್ಟೆ. ಆಮೇಲೆ ಹೊಳೀತು, ಎಲ್ರೂ ಇಲ್ಲಿದಾರೆ ಅಂದ್ರೆ ಅವ್ರ ಕೋಣೆಗಳೆಲ್ಲಾ ಈಗ ಖಾಲಿ! ಗಡಿಯಾರ ಹಿಂದಕ್ಕೆ ತಿರುಗಿಸೋ ಸೌಲಭ್ಯ ಇದೆ, ಹಾಗಾಗಿ ತಪ್ಪಿದ್ರೆ ಚಿಂತೆ ಇಲ್ಲ.

ನಗ್ತಾ ನಗ್ತಾ ತಲೆ ಓಡಿಸೋದು ಬೇಕಿದ್ರೆ ಘೋಸ್ಟ್ ಟ್ರಿಕ್, 2010, ನಿಂಟೆಂಡೋ ಡಿಎಸ್. ನೀವು ಆಗ್ಲೇ ಸತ್ತಿರ್ತೀರ, ಫ್ಯಾನು, ಸೈಕಲ್ಲು, ಟೆಲಿಫೋನ್ ಒಳಗೆ ಹೊಕ್ಕು ಬೇರೆಯವ್ರ ಸಾವಿಗೆ ನಾಲ್ಕು ನಿಮಿಷ ಹಿಂದಕ್ಕೆ ಹೋಗಿ ತಪ್ಪಿಸ್ಬೇಕು. 2023ರಲ್ಲಿ ಮತ್ತೆ ಬಿಟ್ಟಿದಾರೆ, ಅದನ್ನೇ ತಗೊಳ್ಳಿ. ಕತೆ ಬಗ್ಗೆ ಒಂದಕ್ಷರಾನೂ ಮೊದ್ಲೇ ಓದ್ಬೇಡಿ, ನಾನೂ ಇಲ್ಲಿಗೆ ನಿಲ್ಲಿಸ್ತೀನಿ.

ಗೇಮೇ ಆಡದವ್ರ ಜೊತೆ ಕೂತು ಆಡೋಕೆ ಏನಿದೆ?

ವಿಂಡ್‌ಜ್ಯಾಮರ್ಸ್, 1994, ನಿಯೋ ಜಿಯೋ. ಇಬ್ರು ಎದುರುಬದುರು ನಿಂತು ತಟ್ಟೆ ಎಸೆಯೋದು, ಅಷ್ಟೆ, ನಿಯಮ ಹೇಳೋಕೆ ಒಂದು ಉಸಿರು ಸಾಕು. ನಾಲ್ಕು ಜನ ಇದ್ರೆ ಡ್ರೀಮ್‌ಕಾಸ್ಟ್‌ನ ಚೂಚೂ ರಾಕೆಟ್, 1999: ಇಲಿಗಳು ಓಡ್ತಿರ್ತವೆ, ನೆಲದ ಮೇಲೆ ಬಾಣದ ಗುರುತು ಹಾಕಿ ನಿಮ್ಮ ರಾಕೆಟ್ ಕಡೆ ತಿರುಗಿಸ್ಬೇಕು, ಬೆಕ್ಕನ್ನ ಪಕ್ಕದವ್ರ ರಾಕೆಟ್ ಕಡೆ. ಒಬ್ಬರಿಗೆ ಮೂರೇ ಬಾಣ, ನಾಲ್ಕನೇದು ಹಾಕಿದ್ರೆ ಮೊದಲಿಂದು ಅಳಿಸಿಹೋಗುತ್ತೆ. ಎರಡನೇ ಸುತ್ತಿಗೆ ಎಲ್ರೂ ಕಿರುಚ್ತಿರ್ತಾರೆ. ಇಬ್ರೂ ಪಳಗಿದ ಕೈ ಆದ್ರೆ ಹೆರ್ಜೋಗ್ ಜ್ವೈ, 1989, ಮೆಗಾ ಡ್ರೈವ್: ಟ್ಯಾಂಕು ಸೈನ್ಯ ಆರ್ಡರ್ ಮಾಡಿ ನಿಮ್ಮ ವಿಮಾನದಲ್ಲೇ ಹೊತ್ಕೊಂಡು ಹೋಗಿ ಇಳಿಸೋದು, ನೆಲಕ್ಕಿಳಿದ್ರೆ ಆ ವಿಮಾನಾನೇ ರೋಬೋ. ಈ ಜಾತಿ ಯುದ್ಧದ ಗೇಮುಗಳಿಗೆ ಹೆಸರಾದ ಡ್ಯೂನ್ 2 ಬರೋಕೆ ಮೂರು ವರ್ಷ ಮುಂಚೆ ಇದು ರಿಯಲ್ ಟೈಮಲ್ಲಿ ಯುದ್ಧ ಮಾಡಿಸ್ತು. ಹೊಸಬರಿಗೆ ಮಾತ್ರ ಕೊಡ್ಬೇಡಿ, ಅರ್ಧ ಗಂಟೆ ಏನಾಗ್ತಿದೆ ಅಂತಾನೇ ತಿಳಿಯಲ್ಲ.

ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಸೇವ್ ಮಾಡ್ಕೊಂಡು, ವಾಕ್‌ಥ್ರೂ ನೋಡ್ಕೊಂಡು ಆಡಿದ್ರೆ ಮೋಸಾನಾ?

ಯಾರಿಗೆ ಮೋಸ? ಆರಾಮಾಗಿ ಮಾಡಿ, ವಾಕ್‌ಥ್ರೂ ಅಂದ್ರೆ ಗೇಮ್ ಹೆಂಗೆ ಮುಗಿಸೋದು ಅಂತ ಹೆಜ್ಜೆಹೆಜ್ಜೆಗೂ ಹೇಳೋ ಗೈಡು ತಾನೆ. ಆದ್ರೆ ವಾಕ್‌ಥ್ರೂಗಿಂತ ಮೊದ್ಲು ಗೇಮಿನ ಮ್ಯಾನ್ಯುಯಲ್ ಹುಡುಕಿ ಓದಿ. ಆಗಿನೋರು ಕತೆ, ಬಟನ್, ಐಟಂ ಎಲ್ಲಾ ಪುಸ್ತಕದಲ್ಲಿ ಹಾಕಿ ಗೇಮ್ ಒಳಗೆ ಏನೂ ಹೇಳ್ತಿರ್ಲಿಲ್ಲ, "ಈ ಗೇಮಿಗೆ ತಲೆಬುಡ ಇಲ್ಲ" ಅನ್ನೋ ದೂರಲ್ಲಿ ಅರ್ಧಕ್ಕರ್ಧ ಮ್ಯಾನ್ಯುಯಲ್ ಓದದೇ ಇರೋದ್ರಿಂದ ಬಂದಿದ್ದು.

ಬೆವರು ಕಿತ್ತು ಬರೋ ಥರ ಕಷ್ಟದ್ದು, ಆದ್ರೆ ಅನ್ಯಾಯ ಅನ್ನಿಸಬಾರ್ದು, ಅಂಥದ್ದು ಇದೆಯಾ?

ಗಿಮ್ಮಿಕ್, ಸನ್‌ಸಾಫ್ಟ್, 1992, ಫ್ಯಾಮಿಕಾಮ್. ನೋಡೋಕೆ ಹಸಿರು ಗುಂಡುಮರಿ, ಮಕ್ಕಳಾಟ ಅನ್ಸುತ್ತೆ. ಅದರ ಕೈಲಿರೋದು ಒಂದು ನಕ್ಷತ್ರ, ಎಸೆದ್ರೆ ಗೋಡೆಗೆ ಬಡಿದು ಪುಟಿಯುತ್ತೆ, ಇಳಿಜಾರಲ್ಲಿ ಉರುಳಿ ವೇಗ ಹಿಡಿಯುತ್ತೆ, ಸರಿಯಾದ ಕ್ಷಣಕ್ಕೆ ಹಾರಿದ್ರೆ ಅದರ ಮೇಲೇ ಸವಾರಿ ಮಾಡ್ಬಹುದು. ಆ ಒಂದು ಸವಾರಿ ಸಾಧಿಸೋಕೆ ನಂಗೆ ಒಂದು ಸಂಜೆ ಪೂರ್ತಿ ಹಿಡೀತು, ಎಪ್ಪತ್ತನೇ ಸಲಾನೋ ಎಂಬತ್ತನೇ ಸಲಾನೋ, ಬಿದ್ದ ಪ್ರತಿ ಸಲಾನೂ ತಪ್ಪು ನಂದೇ ಅಂತ ಗೊತ್ತಾಗ್ತಿತ್ತು. ಅಡಗಿಸಿಟ್ಟ ವಸ್ತು ಎಲ್ಲಾ ಹುಡುಕಿದ್ರೆ ಮಾತ್ರ ಕೊನೇ ಹಂತ ತೆರೆಯೋದು. ಅಷ್ಟು ತಾಳ್ಮೆ ಇಲ್ದಿದ್ರೂ ಪರವಾಗಿಲ್ಲ, ಮೊದಲ ಎರಡು ಲೆವೆಲ್‌ನ ಸಂಗೀತಕ್ಕಾದ್ರೂ ಆಡಿ.

## ಆಳಕ್ಕಿಳಿದೋರಿಗೆ

ಒಂದೇ ಗೇಮಿಗೆ ಅಮೆರಿಕದ್ದು, ಯುರೋಪಿಂದು, ಜಪಾನಿಂದು ಅಂತ ಮೂರು ವರ್ಷನ್, ಯಾವ್ದು ಆಡ್ಲಿ?

ಸಾಮಾನ್ಯವಾಗಿ ಯುರೋಪಿಂದು ಬಿಡಿ. ಅಲ್ಲಿ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬದಲಾಯಿಸೋದು, ಅಂದ್ರೆ 50 ಹರ್ಟ್ಸ್, ಅಮೆರಿಕ, ಜಪಾನಲ್ಲಿ 60, ಎಷ್ಟೋ ಗೇಮುಗಳನ್ನ ಸರಿಹೊಂದಿಸದೇ ಹಾಗೇ ಬಿಟ್ಟಿದ್ರಿಂದ ಆರರಲ್ಲೊಂದು ಪಾಲು ನಿಧಾನ ಓಡ್ತವೆ, ಹಾಡೂ ಎಳೆದಂಗೆ ಕೇಳುತ್ತೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಇದಕ್ಕೆ ಅಪವಾದ ಟೆರಾನಿಗ್ಮಾ, ಕ್ವಿಂಟೆಟ್ ಮಾಡಿದ ಸೂಪರ್ ನಿಂಟೆಂಡೋ ಗೇಮು, ಪಾತಾಳದಿಂದ ಬಂದ ಹುಡುಗ ಖಂಡ, ಗಿಡ, ಹಕ್ಕಿ, ಮನುಷ್ಯ ಅಂತ ಒಂದೊಂದಾಗಿ ಭೂಮಿಗೆ ಜೀವ ತುಂಬೋದು. 1995ರಲ್ಲಿ ಜಪಾನಲ್ಲಿ, 1996ರಲ್ಲಿ ಯುರೋಪಲ್ಲಿ ಬಂತು, ಅಮೆರಿಕಕ್ಕೆ ಬರ್ಲೇ ಇಲ್ಲ, ಹಾಗಾಗಿ ಇಂಗ್ಲಿಷಲ್ಲಿ ಅಧಿಕೃತವಾಗಿ ಇರೋದೇ ಆ 50 ಹರ್ಟ್ಸಿಂದು.

ಹಳೇ ಕಾರ್ಟ್ರಿಡ್ಜಲ್ಲಿ ಸೇವ್ ನಿಲ್ತಿಲ್ಲ, ಬಿಸಾಕ್ಲಾ?

ಅಯ್ಯೋ ಬೇಡ! ಒಳಗೆ ಒಂದು ಚಿಕ್ಕ ಬಟನ್ ಸೆಲ್ ಇರುತ್ತೆ, ಸೇವ್ ಉಳಿಯೋದು ಅದರ ಕರೆಂಟಲ್ಲಿ, ಅದು ಸತ್ತಿದೆ ಅಷ್ಟೆ. ಪೋಕೆಮಾನ್ ಗೋಲ್ಡ್, ಸಿಲ್ವರ್ ಥರದವುಗಳಲ್ಲಿ ಗಡಿಯಾರಾನೂ ಅದೇ ಸೆಲ್ ಮೇಲೆ ಓಡೋದ್ರಿಂದ ಬೇಗ ಸಾಯುತ್ತೆ. ಕಿವಿ (ಬೆಸುಗೆ ಹಾಕೋಕೆ ಲೋಹದ ಪಟ್ಟಿ) ಇರೋ ಸೆಲ್ ತಂದು ಬೆಸುಗೆ ಹಾಕ್ಬೇಕು, ಟೇಪ್ ಸುತ್ತಿ ಕೂರ್ಸೋ ಉಪಾಯ ಬೇಡ, ಒಂದು ದಿನ ಅಲ್ಲಾಡಿ ಎಲ್ಲಾ ಹೋಗುತ್ತೆ. ಸೆಲ್ ಇನ್ನೂ ಬದುಕಿದ್ದಾಗ್ಲೇ ಬದಲಾಯಿಸೋದಾದ್ರೆ ಮೊದ್ಲು ಸೇವನ್ನ ಕಂಪ್ಯೂಟರಿಗೆ ತಗೊಳ್ಳಿ, ಸೆಲ್ ಕಿತ್ತ ಕ್ಷಣ ಅದು ಅಳಿಸಿಹೋಗುತ್ತೆ. ನಾನು ಆತುರ ಬಿದ್ದು ಕಿತ್ತು, ಮುಗೀಲಿಕ್ಕೆ ಒಂದೇ ಬಾಸ್ ಬಾಕಿ ಇದ್ದ ಸೇವ್ ಕಳ್ಕೊಂಡಿದೀನಿ.

ಎಮ್ಯುಲೇಟರಲ್ಲಿ ಬಟನ್ ಒತ್ತಿದ್ದು ತಡವಾಗಿ ಬೀಳ್ತಿದೆ ಅನ್ಸುತ್ತೆ, ಭ್ರಮೆನಾ?

ಭ್ರಮೆ ಅಲ್ಲ. ಮೊದಲ ಕಳ್ಳ ಟಿವಿ, ಚಿತ್ರ ಚಂದ ಮಾಡೋಕೆ ಟೈಮ್ ತಿನ್ನುತ್ತೆ, ಗೇಮ್ ಮೋಡ್ ಹಾಕಿ. ಎರಡನೇದು ವೈರ್‌ಲೆಸ್ ಕಂಟ್ರೋಲರ್, ವೈರ್ ಇರೋದ್ರಲ್ಲಿ ಒಮ್ಮೆ ನೋಡಿ. ಆಮೇಲೂ ಅನ್ಸಿದ್ರೆ ರೆಟ್ರೋಆರ್ಚ್ ಅನ್ನೋ ಎಮ್ಯುಲೇಟರ್ ಪ್ರೋಗ್ರಾಮಲ್ಲಿ ರನ್-ಅಹೆಡ್ ಅಂತ ಇದೆ, ಗೇಮ್ ಒಂದೆರಡು ಫ್ರೇಮ್ (ಒಂದೊಂದು ಚಿತ್ರ) ಮುಂದೆ ಓಡಿ ಅದನ್ನೇ ತೋರಿಸುತ್ತೆ, ಒಂದರಿಂದ ಶುರು ಮಾಡಿ, ಚಿತ್ರ ಎಗರೋಕೆ ಹತ್ತಿದ್ರೆ ಜಾಸ್ತಿ ಆಯ್ತು ಅಂತ ಅರ್ಥ. ನನ್ನ ಪರೀಕ್ಷೆ 1987ರ ಬಾಕ್ಸಿಂಗ್ ಗೇಮ್ ಪಂಚ್-ಔಟ್: ಕೊನೇ ಎದುರಾಳಿ ಗುದ್ದಿನಿಂದ ತಪ್ಪಿಸ್ಕೊಳ್ಳೋಕಾದ್ರೆ ಸೆಟಪ್ ಸರಿಯಿದೆ. ಆಗ್ದಿದ್ರೆ ನನ್ನ ವಯಸ್ಸೂ ಕಾರಣ ಇರ್ಬಹುದು.

ಜಪಾನೀಸ್ ಬರಲ್ಲ, ಅಲ್ಲಿ ಮಾತ್ರ ಬಂದ ಗೇಮ್ ಹೆಂಗೆ ಆಡೋದು?

ಅಭಿಮಾನಿಗಳ ಅನುವಾದ. ಮದರ್ 3 ಇದಕ್ಕೆ ದೊಡ್ಡ ಉದಾಹರಣೆ, 2006ರಲ್ಲಿ ಜಪಾನಲ್ಲಷ್ಟೇ ಬಂತು, 2008ರಲ್ಲಿ ಅಭಿಮಾನಿಗಳೇ ಪೂರ್ತಿ ಇಂಗ್ಲಿಷಿಗೆ ತಂದ್ರು. ಆದ್ರೆ ನಾನು ಮೊದ್ಲು ಹೇಳೋದು 1992ರ ಗೇಮ್ ಬಾಯ್ ಗೇಮು, ಕಯೆರು ನೋ ತಮೆ ನಿ ಕಾನೆ ವಾ ನಾರು. ರಾಜಕುಮಾರ ಕಪ್ಪೆ ಆಗ್ತಾನೆ, ಹಾವೂ ಆಗ್ತಾನೆ, ಜಗಳ ಬಂದ್ರೆ ನೀವು ಹೆಚ್ಚೇನೂ ಮಾಡೋ ಹಂಗಿಲ್ಲ, ಇಬ್ರೂ ಧೂಳೆಬ್ಬಿಸಿ ಹೊಡೆದಾಡ್ತಾರೆ, ಶಕ್ತಿ ಸಾಲದಿದ್ರೆ ಸೋಲು, ಅಂದ್ರೆ ಆ ಶತ್ರುನೇ ಬೀಗ, ಬೇಕಾದ ಶಕ್ತಿನೇ ಬೀಗದ ಕೈ. ಇದರಲ್ಲಿ ಬರೋ ಇನ್ನೊಬ್ಬ ರಾಜಕುಮಾರ, ಎದುರಾಳಿ ರಿಚರ್ಡ್, ಮುಂದಿನ ವರ್ಷ ಜೆಲ್ಡಾದ ಲಿಂಕ್ಸ್ ಅವೇಕನಿಂಗಲ್ಲಿ ಕಪ್ಪೆಗಳ ಜೊತೆ ಬಂದು ಮುಖ ತೋರಿಸಿ ಹೋಗ್ತಾನೆ. ಈ ಅನುವಾದಗಳು ಪ್ಯಾಚ್ ಅನ್ನೋ ಫೈಲಾಗಿ ಬರ್ತವೆ, ಅದರಲ್ಲಿ ಬದಲಾದ ಭಾಗ ಮಾತ್ರ ಇರುತ್ತೆ, ಗೇಮ್ ನಿಮ್ಮ ಕಾರ್ಟ್ರಿಡ್ಜಿಂದ ತೆಗೆದಿದ್ದು ಆಗಿರ್ಬೇಕು. ಪ್ಯಾಚ್ ಹಾಕೋ ಮುಂಚೆ ಚೆಕ್‌ಸಮ್ (ಫೈಲ್ ಅದೇನಾ ಅಂತ ಹೇಳೋ ಗುರುತಿನ ಸಂಖ್ಯೆ) ತಾಳೆ ನೋಡಿ, ತಪ್ಪು ವರ್ಷನ್ನಿಗೆ ಹಾಕಿದ್ರೆ ಅರ್ಧ ದಾರೀಲಿ ನಿಂತೋಗುತ್ತೆ.

ಇಷ್ಟು ಒಳ್ಳೇದಿದ್ರೆ ಯಾಕೆ ಯಾರೂ ಮತ್ತೆ ಮಾರ್ತಿಲ್ಲ?

ಮಾರೋ ಹಕ್ಕು ಯಾರದ್ದು ಅಂತಾನೇ ಎಷ್ಟೋ ಸಲ ಗೊತ್ತಿರಲ್ಲ. 2000ದ ನೋ ಒನ್ ಲಿವ್ಸ್ ಫಾರೆವರ್, ನಗಿಸೋ ಗೂಢಚಾರಿಣಿ ಗೇಮು, ಕಂಪನಿಗಳು ಒಂದನ್ನೊಂದು ನುಂಗಿ ಹಕ್ಕೆಲ್ಲಾ ಹರಿದು ಹಂಚಿಹೋಗಿ ಇವತ್ತಿಗೂ ಡಿಜಿಟಲ್ ಮಾರಾಟಕ್ಕಿಲ್ಲ. ಕೆಲವು ಕಡೆ ಹಾಡಿನ ಲೈಸೆನ್ಸ್ ಮುಗಿದಿರುತ್ತೆ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಗೇಮುಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಅಂತ ಸಿಕ್ತು. ಅದೇ ವರ್ಷ ಮಾರ್ಚಲ್ಲಿ 3ಡಿಎಸ್, ವೀ ಯು ಮಷೀನ್‌ಗಳ ಆನ್‌ಲೈನ್ ಅಂಗಡೀನೂ ಮುಚ್ತು. ಅದಕ್ಕೆ ಮಾರಾಟದಲ್ಲಿರೋದನ್ನ ಇದ್ದಾಗ್ಲೇ ತಗೊಳ್ಳಿ ಅಂತ ಬಡ್ಕೊಳ್ಳೋದು.

ಸಾಕು ಸ್ವಾಮಿ, ಒಂದೇ ಒಂದು ಹೆಸರು ಹೇಳಿ, ನಿಮ್ಮ ಫೇವರಿಟ್

ಸ್ಟಾರ್ ಕಂಟ್ರೋಲ್ 2, 1992. ಒಂದು ಹಡಗು, ನೂರಾರು ನಕ್ಷತ್ರ, ಮಾತಾಡೋ ವಿಚಿತ್ರ ಜೀವಿಗಳು, ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ದೋಷ ಮೊದ್ಲೇ ಹೇಳ್ತೀನಿ: ಗ್ರಹಗಳಿಂದ ಖನಿಜ ಅಗೆಯೋ ಕೆಲಸ ಶುರುನಲ್ಲಿ ಬೇಜಾರು, ಮತ್ತೆ ಒಳಗೊಂದು ಗಡಿಯಾರ ಸದ್ದಿಲ್ದೆ ಓಡ್ತಿದೆ, ವರ್ಷಗಟ್ಲೆ ಅಡ್ಡಾಡ್ತಾ ಕೂತ್ರೆ ಒಂದೊಂದೇ ಜಾತಿ ಅಳಿಯೋಕೆ ಶುರುವಾಗುತ್ತೆ. ಪಕ್ಕದಲ್ಲಿ ಪೆನ್ನು ಪೇಪರ್ ಇರ್ಲಿ, ಯಾರು ಏನು ಹೇಳಿದ್ರು ಅಂತ ಗೇಮ್ ಬರೆದಿಡಲ್ಲ. ಭೂಮಿ ಹತ್ರದ ಕೆಲಸ ಮುಗಿದ ಮೇಲೆ ಮೊದ್ಲು ಪ್ಲೂಟೋಗೆ ಹೋಗಿ. ಅಲ್ಲಿ ಫ್ವಿಫ್ಫೋ ಅಂತ ಒಬ್ಬ ಕ್ಯಾಪ್ಟನ್ ಒಂಟಿಯಾಗಿ ನಡುಗ್ತಾ ಕೂತಿದಾನೆ, ಅವ್ನ ಜಾತಿನೇ ಎಷ್ಟು ಪುಕ್ಕಲು ಅಂದ್ರೆ ಹಡಗಿನ ಒಳ್ಳೆ ಆಯುಧಾನ ಹಿಂಭಾಗಕ್ಕೆ ಕೂರಿಸಿದಾರೆ, ಓಡಿಹೋಗ್ತಾ ಹೊಡೆಯೋಕೆ. ಹೆದರಿಸ್ಬೇಡಿ, ಸಮಾಧಾನವಾಗಿ ಮಾತಾಡ್ಸಿ, ನಿಮ್ಜೊತೆ ಬರ್ತಾನೆ.